ಪತ್ರ ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಕೇಂದ್ರ ಸರ್ಕಾರಿ ಕಚೇರಿಗಳ ಮುಂದೆ ಹದಿನೈದು ದಿನಗಳ ‘ಹಿಂದಿ ಪಖವಾಡ’ದ ಬ್ಯಾನರುಗಳು ಏಳುತ್ತವೆ. ಒಳಗೆ ಪ್ರಬಂಧ, ಆಶುಭಾಷಣ, ಕಡತದ ಟಿಪ್ಪಣಿ ಬರೆಯುವ ಸ್ಪರ್ಧೆಗಳು, ಕೊನೆಗೊಂದು ಬಹುಮಾನ ವಿತರಣೆ. ದೇವನಾಗರಿ ಲಿಪಿಯ ಹಿಂದಿಯನ್ನು ಕೇಂದ್ರದ ಅಧಿಕೃತ ಭಾಷೆಯೆಂದು ಸಂವಿಧಾನ ಸಭೆ ಒಪ್ಪಿದ್ದು 1949ರ ಸೆಪ್ಟೆಂಬರ್ 14ರಂದು. ಅದರ ನೆನಪಿಗೆ ಈ ಸಡಗರ. ಇದನ್ನು ಕಂಡು ರೇಗುವವರಿದ್ದಾರೆ, ನಕ್ಕು ಸುಮ್ಮನಾಗುವವರೂ ಇದ್ದಾರೆ. ಆದರೆ ಹಿಂದಿಯನ್ನು ಕಡತದೊಳಕ್ಕೆ ತರುವ ನಿಜವಾದ ಕೆಲಸ ನಡೆಯುವುದು ಉಳಿದ ಹನ್ನೊಂದೂವರೆ ತಿಂಗಳಲ್ಲಿ.

ಆ ಕೆಲಸದ ವ್ಯವಸ್ಥೆ ಅಚ್ಚುಕಟ್ಟಾಗಿದೆ. 1963ರಲ್ಲಿ ಅಧಿಕೃತ ಭಾಷಾ ಕಾಯ್ದೆ ಬಂತು. 1975ರಲ್ಲಿ ಗೃಹ ಸಚಿವಾಲಯದಡಿ ರಾಜಭಾಷಾ ಇಲಾಖೆ ಹುಟ್ಟಿತು. 1976ರ ನಿಯಮಗಳು ದೇಶವನ್ನು ‘ಕ’, ‘ಖ’, ‘ಗ’ ಎಂದು ಮೂರು ವಲಯಗಳಾಗಿ ಹಂಚಿದವು. ಹಿಂದಿ ರಾಜ್ಯಗಳು ‘ಕ’ದಲ್ಲಿ, ಗುಜರಾತ್, ಮಹಾರಾಷ್ಟ್ರ, ಪಂಜಾಬ್ ‘ಖ’ದಲ್ಲಿ, ಕರ್ನಾಟಕ ‘ಗ’ದಲ್ಲಿ. ತಮಿಳುನಾಡಿಗೆ ಮಾತ್ರ ನಿಯಮಗಳೇ ಅನ್ವಯಿಸುವುದಿಲ್ಲ. ಅಲ್ಲಿನ 1965ರ ಹಿಂದಿ ವಿರೋಧಿ ಚಳವಳಿಯ ನೆನಪು ದೆಹಲಿಯಲ್ಲಿ ಆಗಿನ್ನೂ ಹಸಿಯಾಗಿತ್ತು.

ಪ್ರತಿ ವರ್ಷ ಇಲಾಖೆ ಗುರಿಗಳನ್ನು ಹೊರಡಿಸುತ್ತದೆ. ಈಚಿನ ವಾರ್ಷಿಕ ಕಾರ್ಯಕ್ರಮಗಳ ಪ್ರಕಾರ, ಹುಬ್ಬಳ್ಳಿಯ ಕೇಂದ್ರ ಕಚೇರಿ ಕೊಚ್ಚಿಯ ಕೇಂದ್ರ ಕಚೇರಿಗೆ ಬರೆಯುವ ಪತ್ರಗಳಲ್ಲೂ ಶೇ. 55ರಷ್ಟು ಹಿಂದಿಯಲ್ಲಿರಬೇಕು. ಬರೆಯುವವರು ಕನ್ನಡಿಗರೋ, ಓದುವವರು ಮಲಯಾಳಿಗಳೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹಿಂದಿ ಬಾರದ ನೌಕರರಿಗೆ ಪ್ರಬೋಧ್, ಪ್ರವೀಣ್, ಪ್ರಾಜ್ಞ ಎಂಬ ಮೂರು ಹಂತದ ತರಗತಿಗಳಿವೆ, ಅದೂ ಕಚೇರಿಯ ವೇಳೆಯಲ್ಲೇ. ಪ್ರಾಜ್ಞ ಪಾಸಾದರೆ ಹನ್ನೆರಡು ತಿಂಗಳು ಒಂದು ವೇತನ ಬಡ್ತಿಯಷ್ಟು ಹೆಚ್ಚುವರಿ ಹಣ. ವರ್ಷದಲ್ಲಿ ಇಂತಿಷ್ಟು ಸಾವಿರ ಪದಗಳನ್ನು ಹಿಂದಿಯಲ್ಲಿ ಬರೆದವರಿಗೆ ನಗದು ಬಹುಮಾನ ಬೇರೆ. ‘ಗ’ ವಲಯದವರು ಬರೆಯಬೇಕಾದ ಪದಗಳು ಕಡಿಮೆ, ಅಷ್ಟರ ಮಟ್ಟಿಗೆ ಉದಾರತೆ. ಇವೆಲ್ಲಕ್ಕೂ ತ್ರೈಮಾಸಿಕ ವರದಿ, ಊರೂರಿಗೊಂದು ನಗರ ರಾಜಭಾಷಾ ಅನುಷ್ಠಾನ ಸಮಿತಿ. ಅವೆಲ್ಲದರ ಮೇಲೆ ಸಂಸದೀಯ ರಾಜಭಾಷಾ ಸಮಿತಿಯ ತಪಾಸಣೆ: ಲೋಕಸಭೆಯ 20, ರಾಜ್ಯಸಭೆಯ 10 ಸದಸ್ಯರ ಈ ಸಮಿತಿಯ ಪ್ರಶ್ನಾವಳಿಗೆ ಕಚೇರಿಯ ಮುಖ್ಯಸ್ಥರೇ ಕೂತು ಉತ್ತರಿಸಬೇಕು.

ಇಷ್ಟಾದರೂ ಕಡತದ ಹಿಂದಿಗೆ ಜೀವ ಬಂದಿದೆಯೇ? ಬಹಳಷ್ಟು ಕಡೆ ಅಧಿಕಾರಿ ಕರಡು ಬರೆಯುವುದು ಇಂಗ್ಲಿಷಿನಲ್ಲಿ, ಅನುವಾದಕರು ಅದನ್ನು ಹಿಂದಿ ಮಾಡುತ್ತಾರೆ. ಆ ಹಿಂದಿ ಉತ್ತರ ಪ್ರದೇಶದ ರೈತನಿಗೂ ಅರ್ಥವಾಗುವುದು ಕಷ್ಟ. 2011ರಲ್ಲಿ ರಾಜಭಾಷಾ ಇಲಾಖೆಯೇ ಸುತ್ತೋಲೆ ಹೊರಡಿಸಿ, ಬಳಕೆಯಲ್ಲಿರುವ ಉರ್ದು, ಇಂಗ್ಲಿಷ್ ಪದಗಳನ್ನು ಹಾಗೇ ಬಳಸಿ, ಭಾಷೆಯನ್ನು ಸರಳಗೊಳಿಸಿ ಎಂದು ಹೇಳಬೇಕಾಯಿತು. ನಮ್ಮ ವಿಧಾನಸೌಧದ ಕನ್ನಡವೂ ಈ ಕಾಯಿಲೆಗೆ ಹೊರತಲ್ಲ, ಅದನ್ನು ಇನ್ನೊಮ್ಮೆ ನೋಡೋಣ.

ಹಿಂದಿ ಮಾತಾಡುವವನಿಗೆ ಕೇಂದ್ರ ಸರ್ಕಾರ ಹಿಂದಿಯಲ್ಲಿ ಉತ್ತರಿಸಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. 2011ರ ಜನಗಣತಿಯಲ್ಲಿ ಹಿಂದಿಯನ್ನು ತಾಯ್ನುಡಿ ಎಂದು ಹೇಳಿದವರ ಪ್ರಮಾಣ ಶೇ. 43ಕ್ಕೂ ಹೆಚ್ಚು, ಅಷ್ಟು ಜನರ ಮೇಲೆ ಇಂಗ್ಲಿಷ್ ಕಡತ ಹೇರುವುದು ನ್ಯಾಯವಲ್ಲ. ಕನ್ನಡಿಗರಿಗೆ ಹಿಂದಿಯ ಮೇಲೆ ಹುಟ್ಟುದ್ವೇಷವೂ ಇಲ್ಲ. ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಿಗೆ ಇಲ್ಲಿನ ಊರೂರಿನ ಮಕ್ಕಳು, ಗೃಹಿಣಿಯರು ತಾವಾಗಿಯೇ ಫೀಸು ಕಟ್ಟಿ ಕೂತ ದೊಡ್ಡ ಪರಂಪರೆಯಿದೆ. ತಕರಾರು ಇರುವುದು ಬೇರೆಡೆ.

1976ರ ನಿಯಮಗಳನ್ನೇ ತೆರೆದು ನೋಡಿ. ಐದನೆಯ ನಿಯಮ ಹೇಳುತ್ತದೆ: ಹಿಂದಿಯಲ್ಲಿ ಬಂದ ಪತ್ರಕ್ಕೆ ಕೇಂದ್ರದ ಯಾವುದೇ ಕಚೇರಿ ಹಿಂದಿಯಲ್ಲೇ ಉತ್ತರಿಸಬೇಕು. ಮೂರನೆಯ ನಿಯಮದ ಮೂರನೆಯ ಉಪನಿಯಮದ ಪ್ರಕಾರ, ‘ಗ’ ವಲಯದ ರಾಜ್ಯಕ್ಕೆ, ಅಲ್ಲಿನ ವ್ಯಕ್ತಿಗೆ ಕೇಂದ್ರ ಕಚೇರಿಗಳು ಬರೆಯುವುದು ಇಂಗ್ಲಿಷಿನಲ್ಲಿ. ಇನ್ನೊಂದು ಕಡೆ ಸಂವಿಧಾನದ 350ನೆಯ ವಿಧಿ, ತನ್ನ ಅಹವಾಲನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಹೀಗಾಗಿ ಗುಬ್ಬಿಯ ಪಿಂಚಣಿದಾರರೊಬ್ಬರು ಭವಿಷ್ಯನಿಧಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಬಹುದು. ಆದರೆ ಉತ್ತರವೂ ಕನ್ನಡದಲ್ಲೇ ಬರಲಿ ಎಂದು ಕೇಳಲು ಅವರಿಗೆ ಈ ನಿಯಮಗಳಲ್ಲಿ ಆಧಾರವಿಲ್ಲ. ಅದೇ ಕಚೇರಿಗೆ ಪಟ್ನಾದಿಂದ ಹಿಂದಿಯಲ್ಲಿ ಪತ್ರ ಬಂದರೆ ಉತ್ತರವೂ ಹಿಂದಿಯಲ್ಲೇ ಹೋಗಬೇಕು. ಒಬ್ಬ ನಾಗರಿಕನಿಗೆ ಹಕ್ಕಾಗಿರುವುದು ಇನ್ನೊಬ್ಬನಿಗೆ ಅಧಿಕಾರಿಯ ದಾಕ್ಷಿಣ್ಯ.

ಸಂಸತ್ತು ಇದನ್ನು ಯೋಚಿಸಿರಲಿಲ್ಲ ಎನ್ನುವಂತಿಲ್ಲ. 1968ರ ಜನವರಿಯ ಅಧಿಕೃತ ಭಾಷಾ ನಿರ್ಣಯದ ಮೊದಲ ಭಾಗ ಹಿಂದಿಯ ಪ್ರಸಾರಕ್ಕೆ ಕಾರ್ಯಕ್ರಮ ರೂಪಿಸಲು ಹೇಳುತ್ತದೆ. ಎರಡನೆಯ ಭಾಗ, ಹಿಂದಿಯ ಜೊತೆಜೊತೆಗೆ ಸಂವಿಧಾನದ ಎಂಟನೆಯ ಪರಿಚ್ಛೇದದ ಉಳಿದ ಭಾಷೆಗಳೂ ಬೆಳೆಯಲು ರಾಜ್ಯಗಳ ಸಹಕಾರದಿಂದ ಯೋಜನೆ ಹಾಕಬೇಕು ಎನ್ನುತ್ತದೆ. ಮೊದಲ ಮಾತಿಗೆ ಇಲಾಖೆ, ಅನುದಾನ, ತಪಾಸಣೆ, ಪ್ರಶಸ್ತಿ ಎಲ್ಲ ಬಂದವು. ಎರಡನೆಯದಕ್ಕೆ ರಾಜಭಾಷಾ ಇಲಾಖೆಯಲ್ಲಿ ಒಂದು ವಿಭಾಗ ಹುಟ್ಟಲು 2025ರ ಜೂನ್ ಬರಬೇಕಾಯಿತು. ಗೃಹ ಸಚಿವ ಅಮಿತ್ ಶಾ ಆಗ ‘ಭಾರತೀಯ ಭಾಷಾ ಅನುಭಾಗ’ಕ್ಕೆ ಚಾಲನೆ ಕೊಟ್ಟರು. ಐವತ್ತೇಳು ವರ್ಷ ತಡ!

ಈ ತಡದ ಬೆಲೆ ತೆತ್ತವರು ಕೌಂಟರಿನ ಈಚೆ ನಿಂತವರು. ಫಲಕ, ಚಲನ್, ಪಾಸ್‌ಬುಕ್ಕುಗಳು ತ್ರಿಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಗುಮಾಸ್ತರ ನೇಮಕಾತಿಯಲ್ಲಿ ಸ್ಥಳೀಯ ಭಾಷೆ ಬಲ್ಲಿರಾ ಎಂದು ಪರೀಕ್ಷಿಸುವ ಕ್ರಮವೂ ಇದೆ. ಆದರೆ ಅಧಿಕಾರಿಗಳಿಗೆ ದೇಶದ ಉದ್ದಗಲ ವರ್ಗಾವಣೆ. 2025ರ ಮೇ ತಿಂಗಳಲ್ಲಿ ಬೆಂಗಳೂರು ಹೊರವಲಯದ ಬ್ಯಾಂಕ್ ಶಾಖೆಯೊಂದರಲ್ಲಿ ವ್ಯವಸ್ಥಾಪಕರು ಗ್ರಾಹಕರ ಮುಂದೆ ‘ಕನ್ನಡ ಮಾತಾಡುವುದಿಲ್ಲ’ ಎಂದು ಹಟ ಹಿಡಿದ ವಿಡಿಯೋ ಹರಿದಾಡಿತು, ವರ್ಗಾವಣೆಯಾಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಬ್ಯಾಂಕ್ ಸಿಬ್ಬಂದಿಗೆಲ್ಲ ಸಂಸ್ಕೃತಿ ಮತ್ತು ಭಾಷೆಯ ತರಬೇತಿ ಕೊಡಿ ಎಂದು ಕೇಂದ್ರವನ್ನು ಕೇಳಿದರು. ಒಬ್ಬರನ್ನು ಬೈದು ಎತ್ತಂಗಡಿ ಮಾಡಿದರೆ ಅದೇ ಕುರ್ಚಿಗೆ ಬರುವ ಮುಂದಿನವರಿಗೆ ಕನ್ನಡ ಬಂದುಬಿಡುತ್ತದೆಯೇ? ಹಿಂದಿ ಬಾರದ ಕನ್ನಡಿಗ ನೌಕರನಿಗೆ ಪ್ರಬೋಧ್ ಕಲಿಸಲು ಗೊತ್ತಿರುವ ಸರ್ಕಾರಕ್ಕೆ, ಕನ್ನಡ ಬಾರದೆ ಇಲ್ಲಿಗೆ ಬಂದವರಿಗೆ ಕನ್ನಡದ ಪ್ರಬೋಧ್ ಕಲಿಸುವುದು ಗೊತ್ತಿಲ್ಲ ಎಂದರೆ ನಂಬುವುದು ಕಷ್ಟ.

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಮೂರು ಹಂತದ ತರಗತಿ, ಪಾಸಾದವರಿಗೆ ವೇತನ ಬಡ್ತಿ, ತ್ರೈಮಾಸಿಕ ವರದಿ, ತಪಾಸಣೆಯ ಪ್ರಶ್ನಾವಳಿ ಎಲ್ಲವೂ ಸಿದ್ಧವಿವೆ. ಪ್ರಶ್ನಾವಳಿಗೆ ಇನ್ನೊಂದು ಪ್ರಶ್ನೆ ಸೇರಿಸಿದರಾಯಿತು: ಈ ತ್ರೈಮಾಸಿಕದಲ್ಲಿ ರಾಜ್ಯದ ಭಾಷೆಯಲ್ಲಿ ಬಂದ ಪತ್ರಗಳೆಷ್ಟು, ಅದೇ ಭಾಷೆಯಲ್ಲಿ ಉತ್ತರಿಸಿದ್ದೆಷ್ಟು? ಹುಬ್ಬಳ್ಳಿಯಿಂದ ಕೊಚ್ಚಿಗೆ ಹೋಗುವ ಹಿಂದಿ ಪತ್ರಗಳನ್ನು ಎಣಿಸುವ ಗುಮಾಸ್ತರೇ ಇದನ್ನೂ ಎಣಿಸಬಲ್ಲರು. ಇನ್ನು ಮೂರನೆಯ ನಿಯಮದ ಮೂರನೆಯ ಉಪನಿಯಮ. ಅದನ್ನು ಬದಲಿಸಲು ಸಂವಿಧಾನ ತಿದ್ದುಪಡಿಯೂ ಬೇಡ, ಹೊಸ ಕಾಯ್ದೆಯೂ ಬೇಡ. ನಿಯಮಗಳನ್ನು ರಚಿಸುವ ಅಧಿಕಾರವನ್ನು 1963ರ ಕಾಯ್ದೆಯ ಎಂಟನೆಯ ಕಲಮು ಕೇಂದ್ರ ಸರ್ಕಾರಕ್ಕೇ ಕೊಟ್ಟಿದೆ. ಅಧಿಸೂಚನೆ ಹೊರಡಿಸಿ ಸಂಸತ್ತಿನ ಮುಂದಿಟ್ಟರೆ ಸಾಕು. ಆ ಬೇಡಿಕೆಯನ್ನು ಲೋಕಸಭೆಯಲ್ಲಿ ಎತ್ತಬೇಕಾದ ಕರ್ನಾಟಕದ ಸಂಸದರು 28 ಮಂದಿ ಇದ್ದಾರೆ.