ಅವರು ಬೇಟೆಗಾರರಾದರೆ ಮಿಕ ಯಾರು?

ಚುನಾವಣೆ ಬಂದರೆ ಸಾಕು, ಪೇಪರ್‌ನಲ್ಲಿ ಒಂದು ಪದ ಖಾಯಂ: ‘ಮತಬೇಟೆ’. ಘಟಾನುಘಟಿಗಳ ಮತಬೇಟೆ, ಕೊನೇ ದಿನದ ಮತಬೇಟೆ. ಅಲ್ಲಾ ಸ್ವಾಮಿ, ಅವರು ಬೇಟೆಗಾರರಾದರೆ ಮಿಕ ಯಾರು? ನಮ್ಮ ಅಪ್ಪ ಅಮ್ಮನಾ?

ನಾನು ಉಯ್ಯಂಬಳ್ಳಿಯವನು. ಕನಕಪುರ ತಾಲ್ಲೂಕು, ಕಾವೇರಿ ಕಾಡಿನ ಮಗ್ಗುಲು. ರಾಗಿ ಹೊಲಕ್ಕೆ ಆನೆ ನುಗ್ಗುತ್ತೆ ಅಂತ ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯೋ ಜನ ನಮ್ಮವರು. ಕಾಡು, ಬೇಟೆ ಅಂದರೆ ಏನು ಅಂತ ಅವರಿಗೆ ಪೇಪರ್‌ನವರು ಹೇಳಿಕೊಡಬೇಕಿಲ್ಲ. ಬೇಟೆಗಾರ ಮಿಕದ ಜೊತೆ ಮಾತಾಡಲ್ಲ. ಹೊಂಚು ಹಾಕ್ತಾನೆ, ಹೊಡೀತಾನೆ, ಹೊತ್ಕೊಂಡು ಹೋಗ್ತಾನೆ. ವಾಪಸ್ ಬಂದು ಲೆಕ್ಕ ಕೊಡಲ್ಲ. ಈ ಪದ ಒಪ್ಪಿಕೊಂಡರೆ ಲೆಕ್ಕ ಕೇಳೋ ಹಕ್ಕನ್ನೂ ಬಿಟ್ಟುಕೊಟ್ಟ ಹಾಗೆ.

ಮತಯಾಚನೆ ಅನ್ನೋ ಒಳ್ಳೇ ಪದ ಇದೆಯಲ್ಲ? ಬೇಡೋನ ಕೈ ಕೆಳಗೆ, ಕೊಡೋನ ಕೈ ಮೇಲೆ. ಇಷ್ಟವಾಗದಿದ್ದರೆ ‘ಮುಂದಕ್ಕೆ ಹೋಗಪ್ಪ’ ಅನ್ನಬಹುದು. ನಮ್ಮೂರಿನ ಮಾತು ಇನ್ನೂ ಖಡಕ್: ಭಾಷಣ ಬಿಗಿಯೋದು. ಹಗ್ಗ ಬಿಗೀತೀವಿ, ಕಪಾಳಕ್ಕೆ ಬಿಗೀತೀವಿ, ಅವರು ಭಾಷಣ ಬಿಗೀತಾರೆ. ‘ಯಾರೋ ಬಂದವ್ರಂತೆ, ಭಾಷ್ಣ ಬಿಗೀತಾವ್ರೆ’ ಅಂತ ನಮ್ಮಜ್ಜಿ ಅಂದರೆ, ನಂಬಿಲ್ಲ ಅನ್ನೋದು ಆ ಒಂದು ಕ್ರಿಯಾಪದದಲ್ಲೇ ಬಂತು. ಮಿಕ ಹೀಗೆ ಮಾತಾಡುತ್ತಾ?

ಇಂಗ್ಲಿಷಿನವರು ‘ಸ್ಟಂಪ್ ಸ್ಪೀಚ್’ ಅಂತಾರೆ. ಸ್ಟಂಪ್ ಅಂದರೆ ಕಡಿದ ಮರದ ಬೊಡ್ಡೆ. ಅಮೆರಿಕದಲ್ಲಿ ವೇದಿಕೆ ಇಲ್ಲದ ಕಡೆ ಅದರ ಮೇಲೇ ಹತ್ತಿ ನಿಂತು ಮಾತಾಡ್ತಿದ್ದರು. 1858ರಲ್ಲಿ ಲಿಂಕನ್ ಮತ್ತು ಡಗ್ಲಸ್ ಇಲಿನಾಯ್ ರಾಜ್ಯದ 7 ಊರುಗಳಲ್ಲಿ ಎದುರುಬದುರು ನಿಂತು, ಪ್ರತಿ ಸಲ 3 ಗಂಟೆ ವಾದ ಮಾಡಿದರು. ಬೊಡ್ಡೆ ಮೇಲೆ ನಿಂತೋನಿಗೆ ಕೆಳಗಿರೋನ ಪ್ರಶ್ನೆ ಕೇಳಿಸುತ್ತೆ. ನಮ್ಮಲ್ಲೀಗ ರೋಡ್ ಶೋ. ಜೆಸಿಬಿಯಿಂದ ಹೂವು, ಕ್ರೇನಿನಿಂದ ಸೇಬಿನ ಹಾರ, ಡಿಜೆ ಸದ್ದು. ಭಾಷಣವೂ ಇಲ್ಲ, ಪ್ರಶ್ನೆಯಂತೂ ಇಲ್ಲವೇ ಇಲ್ಲ. ಬೇಟೆ ಅನ್ನೋ ಪದಕ್ಕೆ ತಕ್ಕ ಹಾಗೇ ಆಯ್ತಲ್ಲ!

‘ಪದದಲ್ಲೇನಿದೆ ಗುರು, ನಿಮ್ಮ ಹಳ್ಳಿಯವರು ದುಡ್ಡಿಗೆ ಓಟು ಹಾಕ್ತಾರೆ’ ಅಂತಾರೆ ಆಫೀಸಿನ ಗೆಳೆಯರು. ದುಡ್ಡು ಹಂಚೋದು ಸುಳ್ಳಲ್ಲ. ಆದರೆ ಬಾಯಿ ಮುಚ್ಚಿಸೋಕೆ ದುಡ್ಡು ಬೇಕಾಗಿದೆ ಅಂದರೆ, ಬಾಯಿ ಇದೆ ಅಂತ ತಾನೇ ಅರ್ಥ? ನಮ್ಮ ಕಥೆ ಏನು? 2024ರ ಏಪ್ರಿಲ್ 26, ಶುಕ್ರವಾರ. ಕನಕಪುರ ಸೇರಿದ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ಸುಮಾರು ಶೇ 68 ಮತದಾನ. ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ 53. ಲಾಂಗ್ ವೀಕೆಂಡ್ ನೋಡಿಕೊಂಡು ಊರು ಬಿಟ್ಟವರು ಮಿಕಾನೂ ಅಲ್ಲ, ದಾನಿಯೂ ಅಲ್ಲ. ಲೆಕ್ಕಕ್ಕೇ ಇಲ್ಲ.

ಒಂದು ಚುನಾವಣೆಗೆ, ರಿಲೀಸ್ ಇದೆ ಅಂತ ನಾನೂ ಊರಿಗೆ ಹೋಗಿರಲಿಲ್ಲ. ‘ಬುಡು ಮಗಾ, ನಿನ್ನ ಕೇಳ್ಕಂಡು ಯಾರೂ ಬರ್ಲಿಲ್ಲ’ ಅಂದರು ಅಪ್ಪ ಫೋನಲ್ಲಿ. ಬೈದಿದ್ದರೆ ಮರೀತಿದ್ದೆನೋ ಏನೋ.

ಈಗ ತಪ್ಪದೆ ಹೋಗ್ತೀನಿ. ಭಾಷಣ ಬಿಗಿಯೋಕೆ ಬರೋರು ಬರಲಿ. ‘ಆನೆ ಕಾಟಕ್ಕೆ ಏನು ಮಾಡ್ತೀರಿ?’ ಅಂತ ಕೇಳೋಕೆ ಒಬ್ಬ ಹೆಚ್ಚಿಗೆ ನಿಂತಿರ್ತೀನಿ.