ತತ್ವ ಗೋಡೆಯ ಮೇಲೆ, ಪಗಾರ ಗುತ್ತಿಗೆದಾರನ ಕೈಯಲ್ಲಿ

ಗದಗ ಜಿಲ್ಲೆಯ ಕಪ್ಪತಗುಡ್ಡದ ಆಸುಪಾಸಿಗೆ ಗಾಳಿಯಂತ್ರಗಳು ಬಂದು ವರ್ಷಗಳೇ ಆದವು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹುಡುಗರು ಅವನ್ನು ನಡೆಸುವ ಕಂಪನಿಗಳಲ್ಲಿ ವಾಚ್‌ಮನ್, ಡ್ರೈವರ್, ಹೆಲ್ಪರ್ ಕೆಲಸ ಹಿಡಿಯುತ್ತಾರೆ. ಊರಲ್ಲೇ ದುಡಿಮೆ ಸಿಕ್ಕರೆ ಬೆಂಗಳೂರಿನ ಬಸ್ಸು ಹತ್ತುವುದು ತಪ್ಪುತ್ತದೆ, ಸಂತೋಷ. ಆದರೆ ಈಗಲೇ ಕೇಳಬೇಕಾದ ಮಾತೊಂದಿದೆ.

ಯಾವ ದೊಡ್ಡ ಕಂಪನಿಯ ಕಚೇರಿಗೆ ಹೋದರೂ ಗೋಡೆಯ ಮೇಲೆ ಚೌಕಟ್ಟು ಹಾಕಿದ ತತ್ವಗಳು ಕಾಣುತ್ತವೆ: ಪ್ರಾಮಾಣಿಕತೆ, ಸುರಕ್ಷತೆ, ಪರಸ್ಪರ ಗೌರವ. ಬರಹ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ರಾತ್ರಿ ಪಾಳಿ ಕಾಯುವವನಿಗೆ ಆ ಚೌಕಟ್ಟು ಅನ್ವಯಿಸುತ್ತದೆಯೇ? ಅವನ ಅಂಗಿಯ ಮೇಲೆ ಕಂಪನಿಯ ಹೆಸರಿರಬಹುದು, ಪಗಾರ ಕೊಡುವವ ಮಾತ್ರ ಗುತ್ತಿಗೆದಾರ. ಆ ಗುತ್ತಿಗೆದಾರನಿಗೂ ಮೇಲೊಬ್ಬ ಗುತ್ತಿಗೆದಾರ. ಪಗಾರ ತಡವಾದರೆ ಒಬ್ಬರು ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ.

ಇದು ಎಲ್ಲಿಗೆ ಮುಟ್ಟುತ್ತದೆಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ ತೋರಿಸಿತು. ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರ ಸಿಟ್ಟು ಕಟ್ಟೆಯೊಡೆಯಿತು. ಗಾಜು ಪುಡಿಯಾಯಿತು, ವಾಹನಗಳು ಉರುಳಿದವು. ದಾಂಧಲೆ ಮಾಡಿದ್ದು ತಪ್ಪೇ; ಅದಕ್ಕೆ ಸಮರ್ಥನೆ ಇಲ್ಲ. ಆದರೆ ಸಿಟ್ಟು ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಕಾರ್ಖಾನೆ ಕೆಲವೇ ತಿಂಗಳಲ್ಲಿ ಸಾವಿರಾರು ಜನರನ್ನು ಏಜೆನ್ಸಿಗಳ ಮೂಲಕ ತುಂಬಿಕೊಂಡಿತ್ತು, ಹಾಜರಿ-ಪಗಾರದ ಲೆಕ್ಕ ಆ ವೇಗಕ್ಕೆ ತಾಳಲಿಲ್ಲ. ಕೆಲವರಿಗೆ ಅಕ್ಟೋಬರ್, ನವೆಂಬರ್ ಪಗಾರ ಸರಿಯಾಗಿ ಮುಟ್ಟಿಲ್ಲವೆಂದು ಆಪಲ್ ಕೊನೆಗೆ ಒಪ್ಪಿತು, ಕಂಪನಿಯನ್ನು ನಿಗಾದಲ್ಲಿಟ್ಟಿತು. ವಿಸ್ಟ್ರಾನ್ ತನ್ನ ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು. ಪೂರೈಕೆದಾರರು ಹೇಗೆ ನಡೆದುಕೊಳ್ಳಬೇಕೆಂಬ ಸಂಹಿತೆ ಆಪಲ್ ಬಳಿ ಆಗಲೂ ಇತ್ತು. ಅದು ಏಜೆನ್ಸಿಯ ಬಾಗಿಲವರೆಗೆ ಬಂದಿರಲಿಲ್ಲ, ಅಷ್ಟೇ.

ನಮ್ಮ ಜಿಲ್ಲೆಗೆ ಲೆಕ್ಕ ಕೇಳುವ ವಿಷಯದಲ್ಲಿ ಹೊರಗಿನವರ ಪಾಠ ಬೇಕಿಲ್ಲ. ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶಕ್ಕೇ ಮೊದಲನೆಯದೆಂದು ಹೆಸರಾದದ್ದು ಅದು. ಅಲ್ಲಿ ಸಾಲ ಪಡೆದವನೇ ಲೆಕ್ಕ ಕೇಳುವ ಸದಸ್ಯನೂ ಆಗಿದ್ದ. ಸಹಕಾರಿ ಸಂಘ ಬೇರೆ, ಕಂಪನಿ ಬೇರೆ, ಒಪ್ಪೋಣ. ಲೆಕ್ಕ ಕೇಳಿದವನನ್ನು ಕೆಲಸದಿಂದ ತೆಗೆಯಬಾರದೆಂಬುದು ಎರಡಕ್ಕೂ ಒಂದೇ.

ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ನೇಮಕ ಪತ್ರ ಕೊಡಲೇಬೇಕು. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಗುತ್ತಿಗೆದಾರ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು, ಹೊಸದೇನಲ್ಲ. ಹೊಸದಾಗಬೇಕಿರುವುದು ತಪಾಸಣೆ.

ಗ್ರಾಮ ಪಂಚಾಯಿತಿಗಳು ಕಂಪನಿಗೆ ನಿರಾಕ್ಷೇಪಣಾ ಪತ್ರ ಕೊಡುವ ಮೊದಲು ಗುತ್ತಿಗೆದಾರರ ಪಟ್ಟಿ ಕೇಳಲಿ. ಕಾರ್ಮಿಕ ಇಲಾಖೆ ಆ ಪಟ್ಟಿ ಹಿಡಿದು ಗೇಟಿಗೇ ಹೋಗಿ ಹಾಜರಿ ಪುಸ್ತಕ ನೋಡಲಿ. ದುಡಿಯುವವರಿಗೊಂದು ಮಾತು: ನಿಮ್ಮ ಹಾಜರಿಯನ್ನು ನೀವೂ ಒಂದು ಡೈರಿಯಲ್ಲಿ ಬರೆದಿಡಿ, ಪಿಎಫ್ ಕಟ್ಟಿದ್ದಾರೋ ಇಲ್ಲವೋ ಮೊಬೈಲಿನಲ್ಲಿ ನೋಡಿಕೊಳ್ಳಿ. 7ನೇ ತಾರೀಖು ದಾಟಿದರೆ ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟು, ಅದರ ಸ್ವೀಕೃತಿ ಪಡೆಯಿರಿ.