ಅಂಕಿಗೆ ಸಿಗದ ಖಜೂರಿ

ಆನ್‌ಲೈನ್‌ನಲ್ಲಿ ಮಕ್ಕಳಿಗಾಗುವ ಕಿರುಕುಳದ ಪ್ರಮಾಣ ದೇಶದಿಂದ ದೇಶಕ್ಕೆ ಎಷ್ಟು ಭಿನ್ನ ಎಂದು ಹೇಳಲು 2018ರ ಇಪ್ಸೋಸ್ ಸಮೀಕ್ಷೆಯನ್ನು ಆಗಾಗ ಮುಂದಿಡಲಾಗುತ್ತದೆ. 28 ದೇಶಗಳ ಆ ಪಟ್ಟಿಯಲ್ಲಿ ಭಾರತವೇ ಮೊದಲು. ತಮ್ಮ ಮಗುವಿಗೆ ಹೀಗಾಗಿದೆ ಎಂದ ಪಾಲಕರು ನಮ್ಮಲ್ಲಿ ಶೇ 37, ಜಪಾನಿನಲ್ಲಿ ತೀರಾ ಕಡಿಮೆ. ಈ ಪಟ್ಟಿಗೆ ಎಷ್ಟು ಬೆಲೆ ಕೊಡಬೇಕು?

ಬೆಲೆ ಕೊಡಬೇಕು ಎನ್ನುವವರ ವಾದ ಹಗುರವಾದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 44 ದೇಶ, ಪ್ರದೇಶಗಳಲ್ಲಿ ಶಾಲಾ ಮಕ್ಕಳನ್ನೇ ನೇರವಾಗಿ ಕೇಳಿ 2024ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ಆರರಲ್ಲೊಬ್ಬರು ಇದಕ್ಕೆ ತುತ್ತಾಗಿದ್ದಾರೆ. ಕೇಳಿದ ಪ್ರಶ್ನೆ ಒಂದೇ, ವಯಸ್ಸೂ ಒಂದೇ. ಆದರೂ ಸ್ಪೇನ್ ಕೆಳಗಿದೆ, ಲಿಥುವೇನಿಯಾ ಮೇಲಿದೆ. ಅಳತೆಗೋಲು ಬದಲಾಗದೆಯೂ ಅಂತರ ಉಳಿದರೆ, ಕಾರಣದ ಒಂದು ಪಾಲಾದರೂ ಆಯಾ ಸಮಾಜದಲ್ಲಿರಬೇಕು.

ಪ್ರತಿವಾದಕ್ಕೆ ಜಪಾನೇ ಸಾಕ್ಷಿ. ಅಲ್ಲಿನ ಶಿಕ್ಷಣ ಸಚಿವಾಲಯ 2006ರಲ್ಲಿ ಶಾಲಾ ಕಿರುಕುಳದ ವ್ಯಾಖ್ಯೆಯನ್ನು ಹಿಗ್ಗಿಸಿದಾಗ, ದಾಖಲಾದ ಪ್ರಕರಣಗಳು ಒಂದೇ ವರ್ಷದಲ್ಲಿ ಸುಮಾರು 20 ಸಾವಿರದಿಂದ 1.25 ಲಕ್ಷಕ್ಕೆ ಜಿಗಿದವು. ಅಷ್ಟರಲ್ಲೇ ಮಕ್ಕಳು ಆರು ಪಟ್ಟು ಕ್ರೂರಿಗಳಾದರೆಂದು ಯಾರೂ ಹೇಳಲಾರರು. ಇನ್ನು ನಮ್ಮ ಶೇ 37: ಇಪ್ಸೋಸ್‌ನ ಭಾರತದ ಮಾದರಿ ಬಹುಮಟ್ಟಿಗೆ ನಗರದ, ಓದಿದ, ಅನುಕೂಲಸ್ಥ ಜನರದ್ದು, ಸಂಸ್ಥೆಯೇ ಇದನ್ನು ಒಪ್ಪಿಕೊಳ್ಳುತ್ತದೆ. ಆಳಂದ ತಾಲ್ಲೂಕಿನ ಗಡಿಯಂಚಿನ ಖಜೂರಿಯಂಥ ಊರು ಅದರೊಳಗೆ ಬರುವುದು ಕಷ್ಟ. ಮನೆಗೆಲ್ಲ ಒಂದೇ ಮೊಬೈಲ್ ಇರುವಲ್ಲಿ, ಹತ್ತನೇ ತರಗತಿಯ ಹುಡುಗಿಯ ಫೋಟೋಕ್ಕೆ ಯಾರೋ ಹೊಲಸು ಮಾತು ಸೇರಿಸಿ ಗ್ರೂಪಿಗೆ ಬಿಟ್ಟರೆನ್ನಿ. ಅವಳು ಅವ್ವನಿಗೂ ಹೇಳದಿರಬಹುದು. ಹೇಳಿದರೆ ಮೊದಲು ಮೊಬೈಲ್ ಕಸಿಯುತ್ತಾರೆ, ಆಮೇಲೆ ಶಾಲೆ ಬಿಡಿಸುತ್ತಾರೆ ಎಂಬ ಅಂಜಿಕೆ. ಪಾಲಕರನ್ನು ಕೇಳುವ ಯಾವ ಸಮೀಕ್ಷೆಗೂ ಅವಳು ಸಿಗುವುದಿಲ್ಲ.

ಪೊಲೀಸ್ ಅಂಕಿಗಳಲ್ಲೂ ಇದೇ ತೊಡಕು. 2023ರಲ್ಲಿ 21,889 ಸೈಬರ್ ಪ್ರಕರಣಗಳೊಂದಿಗೆ ಕರ್ನಾಟಕವೇ ದೇಶಕ್ಕೆ ಮೊದಲಾಯಿತು. (ಇವುಗಳಲ್ಲಿ ಬಹುಪಾಲು ಹಣದ ವಂಚನೆ.) ಇಲ್ಲಿ ಅಪರಾಧ ಹೆಚ್ಚೋ, ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿರುವುದರಿಂದ ದಾಖಲಾತಿ ಹೆಚ್ಚೋ? ಎರಡೂ ಇರಬಹುದು.

ಹಾಗೆಂದು ಅಂಕಿಯೇ ಸುಳ್ಳು ಎಂದು ಕೈತೊಳೆದುಕೊಳ್ಳುವುದೂ ಅಪಾಯವೇ. ಲೆಕ್ಕಕ್ಕೆ ಬಾರದ ನೋವಿಗೆ ಸರ್ಕಾರ ಹಣ ತೆಗೆದಿಡುವುದು ಅಪರೂಪ. ಅರೆಬರೆ ಲೆಕ್ಕವೂ ಒಮ್ಮೊಮ್ಮೆ ಕಡತವನ್ನು ಕದಲಿಸುತ್ತದೆ.

ಎರಡನ್ನೂ ತೂಗಿದರೆ, ದೇಶದೇಶಗಳ ಶ್ರೇಯಾಂಕಕ್ಕಿಂತ ಅದೇ ಊರಿನ ನಿನ್ನೆ-ಇಂದಿನ ಹೋಲಿಕೆ ಹೆಚ್ಚು ವಿಶ್ವಾಸಾರ್ಹ ಎನಿಸುತ್ತದೆ. ಆಳಂದದ ಪ್ರೌಢಶಾಲೆಗಳಲ್ಲಿ ವರ್ಷಕ್ಕೊಮ್ಮೆ ಹೆಸರು ಬರೆಯದ ಚೀಟಿ ಕೊಟ್ಟು, ‘ಗ್ರೂಪಿನ್ಯಾಗ ನಿನ್ನ ಯಾರರೆ ಚ್ಯಾಷ್ಟಿ ಮಾಡ್ಯಾರೇನು?’ ಎಂದು ಕೇಳಬಹುದು. ಚೀಟಿಯನ್ನು ಮಾಸ್ತರರ ಕೈಗೆ ಕೊಡದೆ ಡಬ್ಬಿಗೆ ಹಾಕುವಂತಿರಬೇಕು. ಹೆಸರಿಲ್ಲದಿದ್ದರೆ ನೊಂದ ಮಗು ಯಾವುದೆಂದು ತಿಳಿಯುವುದಿಲ್ಲ, ನಿಜ. ಅದಕ್ಕಾಗಿ ಚೀಟಿಯ ಕೆಳಗೆ, ಹರಿದು ಇಟ್ಟುಕೊಳ್ಳುವಂತೆ, ಮಕ್ಕಳ ಸಹಾಯವಾಣಿ 1098 ಎಂದು ಅಚ್ಚು ಹಾಕಿಸಬಹುದು.